ಆಟಕ್ಕುಂಟು, ಲೆಕ್ಕಕ್ಕಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹಳೇ ದಾವಣಗೆರೆಯ ಹುಡುಗ, ಎಂಟು ವರ್ಷ, ಒಬ್ಬನೇ ಮಗ. ಅಮ್ಮ, ಅಜ್ಜಿ ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಸಂಜೆ ಸಮುದಾಯ ಭವನದ ಅಂಗಳಕ್ಕೆ ಆಡಲು ಹೋದವನು ಅರ್ಧ ಗಂಟೆಯಲ್ಲಿ ಅಳುತ್ತ ವಾಪಸ್ ಬರುತ್ತಾನೆ. ಹುಡುಗರೆಲ್ಲ ಟೂ ಬಿಟ್ಟಿದ್ದಾರಂತೆ. "ಕಳ್ಸೋದೇ ಬೇಡ ಅನ್ಸಿದೆ ಮೇಡಂ. ಅಬಾಕಸ್‌ಗೆ ಹಾಕಿದ್ರೆ ಏನಾದ್ರೂ ಕಲೀತಾನೆ" ಅಂದರು ಅಮ್ಮ.

ದೊಡ್ಡ ಹುಡುಗರು ಕಾಡುತ್ತಿರಬೇಕು ಅಂದುಕೊಂಡೆ. ಒಂದು ಸಂಜೆ ಹೋಗಿ ಅಲ್ಲಿನ ಕಟ್ಟೆ ಮೇಲೆ ಕೂತಾಗ ನನ್ನ ಊಹೆ ತಪ್ಪು ಅಂತ ಗೊತ್ತಾಯಿತು.

ಲಗೋರಿ ನಡೆದಿತ್ತು. ನಾಲ್ಕು ಕಲ್ಲು ಪೇರಿಸಿ ಐದನೆಯದಕ್ಕೆ ಬಗ್ಗಿದ್ದಾಗ ಚೆಂಡು ಇವನ ಬೆನ್ನಿಗೆ ತಾಗಿತು. "ತಾಗೇ ಇಲ್ಲ" ಅಂದ. ಆಟ ನಿಂತಿತು. ಮೈಗೆ ತಾಗಿದರೆ ಔಟು, ಅಂಗಿಗಷ್ಟೇ ತಾಗಿದರೆ ಇಲ್ಲ ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ವಾದ ಹೂಡಿದಳು. ಸದ್ದು ಬಂತಲ್ಲ, ಅದು ಮೈಯೇ ಅಂದ ಇನ್ನೊಬ್ಬ. ಇವನು ಕಾಲು ಅಪ್ಪಳಿಸಿ ಅಳತೊಡಗಿದ. ಆಗ ಆ ಹುಡುಗಿ ಪಾಪ ಅನ್ನಿಸಿಯೇ ಹೇಳಿದಳು: "ಹೋಗ್ಲಿ ಬಾರೋ, ನೀನೂ ಆಟಕ್ಕುಂಟು ಲೆಕ್ಕಕ್ಕಿಲ್ಲ." ಅಲ್ಲಿಯವರೆಗೆ ಆ ಜಾಗ ಅವಳ ನಾಲ್ಕು ವರ್ಷದ ತಮ್ಮನದು. ಇವನು ಮನೆ ಕಡೆ ಓಡಿದ.

ಮನೆಯಲ್ಲಿ ಏನು ಆಡುತ್ತೀರಿ ಎಂದು ಅಜ್ಜಿಯನ್ನು ಕೇಳಿದೆ. ಚೌಕಾಬಾರ. "ಅವ್ನ ಕಾಯಿ ನಾನು ಹೊಡಿಯಾಕಿಲ್ರೀ. ಸೋತ್ರೆ ಊಟ ಬಿಡ್ತಾನ." ಅಂದರೆ ಈ ಹುಡುಗ ಮನೆಯಲ್ಲೂ ಲೆಕ್ಕಕ್ಕಿಲ್ಲದವನೇ! ಯಾರೂ ಅವನಿಗೆ ಹಾಗೆಂದು ಹೇಳಿರಲಿಲ್ಲ, ಅಷ್ಟೇ.

ಅಮ್ಮನಿಗೆ ಮನೋವಿಜ್ಞಾನಿ ಪಿಯಾಜೆಯ ವಿಚಾರ ಹೇಳಿದೆ. ಸ್ವಿಟ್ಜರ್ಲೆಂಡಿನ ಮಕ್ಕಳು ಗೋಲಿ ಆಡುವುದನ್ನು ಕೂತು ನೋಡಿ 1932ರಲ್ಲಿ ಬರೆದವರು ಅವರು. ಚಿಕ್ಕ ಮಕ್ಕಳಿಗೆ ನಿಯಮ ಅಂದರೆ ದೊಡ್ಡವರು ಹಾಕಿದ ಗೆರೆ. ಬೆಳೆದಂತೆ ಅದು ತಾವೇ ಒಪ್ಪಿ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದಾದದ್ದು ಎಂದು ತಿಳಿಯುತ್ತದೆ. ಅಂಗಿಯೋ ಮೈಯೋ ಎಂಬ ಜಗಳದಲ್ಲಿ ನಡೆದಿದ್ದು ಅದೇ. ಅಬಾಕಸ್ ಬೇಡ ಅನ್ನಲಿಲ್ಲ. ಈ ಜಗಳ ಅಲ್ಲಿ ಸಿಗುವುದಿಲ್ಲ ಅಂದೆ.

ಅಜ್ಜಿಗೆ ಹೇಳಿದ್ದು: ಇನ್ನು ಕಾಯಿ ಹೊಡೆಯಿರಿ. ಚೌಕಾಬಾರ ಇದಕ್ಕೆ ಒಳ್ಳೆಯ ಆಟ, ಅರ್ಧ ತಪ್ಪು ಕವಡೆಯದೇ ಆಗುತ್ತದೆ. ಮೊದಮೊದಲು ಚಿಕ್ಕ ಆಟ, ದಿನಕ್ಕೆ ಒಂದೇ. ಸೋತು ಅತ್ತರೆ "ಹೋಗ್ಲಿ ಬಿಡು, ಏನಾಯ್ತೀಗ" ಅನ್ನಬೇಡಿ, ಅವನಿಗೆ ಏನೋ ಆಗಿರುತ್ತದೆ. "ಸಿಟ್ಟು ಬಂತಲ್ಲಾ" ಅಂದು ಪಕ್ಕದಲ್ಲಿ ಕೂತಿರಿ. ಇನ್ನೊಂದು ಆಟ ಆಡಿ ಗೆಲ್ಲಿಸಿ ಕಳಿಸಬೇಡಿ.

ಅಮ್ಮನಿಗೆ: ಭವನಕ್ಕೆ ಹೋಗಿ ಪಂಚಾಯ್ತಿ ಮಾಡಬೇಡಿ. ಹೊಡೆತ, ದುಡ್ಡು ಕಿತ್ತುಕೊಳ್ಳುವುದು, ದಿನವೂ ಒಬ್ಬನನ್ನೇ ಗುರಿ ಮಾಡುವುದು ಕಂಡರೆ ಮಾತ್ರ ನಡುವೆ ಬನ್ನಿ. ಭಾನುವಾರ ಅವರಲ್ಲಿ ಇಬ್ಬರನ್ನು ಮನೆಗೆ ಕರೆದು ಮಂಡಕ್ಕಿ ಮಿರ್ಚಿ ಕೊಡಿ. ಇದ್ದಿದ್ದು ಹೇಳಬೇಕೆಂದರೆ, ಈ ಸಲಹೆಯಷ್ಟು ಕೆಲಸ ಬೇರೆ ಯಾವುದೂ ಮಾಡಲಿಲ್ಲ.

ಮೊದಲ ವಾರ ಎರಡು ರಾತ್ರಿ ಊಟ ಬಿಟ್ಟನಂತೆ. ಮೂರನೆಯ ದಿನ ತಾನೇ ತಟ್ಟೆ ಹಾಕಿಕೊಂಡು ಕೂತ.

ಆರು ವಾರದ ಮೇಲೆ ಅಜ್ಜಿ ಒಬ್ಬರೇ ಬಂದರು. ಔಟಾದರೆ ಈಗಲೂ ವಾದ ಮಾಡುತ್ತಾನೆ, ಆದರೆ ಅಂಗಳ ಬಿಟ್ಟು ಬರುವುದಿಲ್ಲ. ನನ್ನ ಮೇಲೆ ಮಾತ್ರ ಸಿಟ್ಟಂತೆ. ಸಂಜೆ ಐದೂವರೆಗೇ ಯಾಕೆ ಬರೋಕೆ ಹೇಳ್ತಾರೆ, ಅದು ಲಗೋರಿ ಟೈಮು ಅಂತ.