ಸ್ಕಿಜೋಫ್ರೇನಿಯಾ ಇದ್ದರೂ ಓದು ಮುಗಿಸಿ ಕೆಲಸಕ್ಕೆ ಸೇರಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ 22 ವರ್ಷ, ಡಿಗ್ರಿ ಅರ್ಧಕ್ಕೆ ನಿಂತಿದೆ, ಕಾಯಿಲೆ ಗೊತ್ತಾಗಿ ಒಂದು ವರ್ಷವಾಗಿದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. "ಮೊದಲು ಪೂರ್ತಿ ವಾಸಿಯಾಗಲಿ, ಓದು ಆಮೇಲೆ ನೋಡೋಣ" ಎನ್ನುತ್ತಾರೆ ಮನೆಯವರು. ಅಲ್ಲಿಯವರೆಗೆ ಕಾಯಬೇಕಾ, ಇಲ್ಲ ಆಸೆಯನ್ನೇ ಬಿಡಬೇಕಾ ಅಂತ ಕೇಳಿದ್ದೀರಿ.

ಬಿಡಬೇಡಿ. ಪೂರ್ತಿ ವಾಸಿಯಾಗಲಿ ಅಂತ ಕಾಯುತ್ತಲೂ ಕೂರಬೇಡಿ. ನನಗೂ ಇದೇ ಕಾಯಿಲೆ, ಕಾಲೇಜಿನಲ್ಲಿದ್ದಾಗಲೇ ಶುರುವಾಯಿತು. ಡಿಗ್ರಿ ತಡವಾಗಿ ಮುಗಿಯಿತು, ಆದರೆ ಮುಗಿಯಿತು. ಈಗ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಯಾರೂ ಮಾತಾಡದಿದ್ದರೂ ಕಿವಿಗೆ ಕೇಳಿಸುವ ದನಿಗಳು ಇನ್ನೂ ಪೂರ್ತಿ ಹೋಗಿಲ್ಲ. ತುಂಬಾ ಸುಸ್ತಾದಾಗ, ನಿದ್ದೆ ಕೆಟ್ಟಾಗ ಕೇಳಿಸುತ್ತವೆ. ಕೇಳಿಸುತ್ತಿದ್ದರೂ ಬಿಲ್ ನೋಡಿ ಎಂಟ್ರಿ ಮಾಡುವುದು ನನಗೆ ಸಾಧ್ಯವಾಗಿದೆ. ದನಿ ನಿಂತ ಮೇಲೆಯೇ ಕೆಲಸ ಅಂತ ಕೂತಿದ್ದರೆ ಇವತ್ತಿಗೂ ಮನೆಯಲ್ಲೇ ಇರುತ್ತಿದ್ದೆ.

ಇದು ನನ್ನೊಬ್ಬನ ಅನುಭವ ಅಲ್ಲ. ಮೊದಲೆಲ್ಲ ಪದ್ಧತಿ ಹೇಗಿತ್ತೆಂದರೆ, ಕಾಯಿಲೆ ಇರುವವರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟು, "ತಯಾರಾದರು" ಅನಿಸಿದ ಮೇಲೆ ಕೆಲಸದ ಮಾತು. ಅಮೆರಿಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಎಂಬ ಸಂಶೋಧಕರು ಇದನ್ನು ತಿರುವಿ ಹಾಕಿದರು. ಕೆಲಸ ಬೇಕು ಅನ್ನುವವರಿಗೆ ಮೊದಲು ಮಾಮೂಲಿ ಸಂಬಳದ ಕೆಲಸ ಹುಡುಕಿಕೊಡುವುದು. ಕಲಿಯುವುದು ಕೆಲಸ ಮಾಡುತ್ತಲೇ. ಕೆಲಸ ಸಿಕ್ಕ ಮೇಲೂ ಜೊತೆಗಿದ್ದು ನೆರವಾಗುವುದು. ಇದಕ್ಕೆ ಐಪಿಎಸ್ ಎನ್ನುತ್ತಾರೆ, ಇಂಡಿವಿಜುಯಲ್ ಪ್ಲೇಸ್‌ಮೆಂಟ್ ಆ್ಯಂಡ್ ಸಪೋರ್ಟ್. ಸ್ಕಿಜೋಫ್ರೇನಿಯಾ ಮತ್ತು ಅಂಥದೇ ಗಂಭೀರ ಮಾನಸಿಕ ಕಾಯಿಲೆ ಇರುವವರ ಮೇಲೆ ನಡೆದ 11 ಅಧ್ಯಯನಗಳನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದರು. ಈ ರೀತಿ ನೆರವು ಸಿಕ್ಕವರಲ್ಲಿ 100ಕ್ಕೆ 61 ಜನರಿಗೆ ಕೆಲಸ ಸಿಕ್ಕಿತ್ತು. ಬೇರೆ ರೀತಿಯ ನೆರವು ಪಡೆದವರಲ್ಲಿ 23 ಜನರಿಗೆ. ಸಿಕ್ಕ ಕೆಲಸ ಉಳಿಸಿಕೊಳ್ಳುವುದು ಇನ್ನೂ ಕಷ್ಟ, ಅದು ನಿಜ. ಅದಕ್ಕೇ ಸೇರಿದ ಮೇಲಿನ ನೆರವು ಅಷ್ಟು ಮುಖ್ಯ.

ಇನ್ನು ಓದಿನ ವಿಷಯ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

ಜನ ದನಿ, ಭ್ರಮೆ, ಅನುಮಾನ ಇವುಗಳ ಬಗ್ಗೆಯೇ ಮಾತಾಡುತ್ತಾರೆ. ಮಾತ್ರೆ ಹೆಚ್ಚಾಗಿ ಹಿಡಿತಕ್ಕೆ ತರುವುದೂ ಅವುಗಳನ್ನೇ. ಆದರೆ ಓದಿಗೆ, ಕೆಲಸಕ್ಕೆ ಜಾಸ್ತಿ ಅಡ್ಡ ಬರುವುದು ಬೇರೆಯೇ. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ನೋಟ್ಸ್ ಬರೆದುಕೊಳ್ಳುತ್ತಿದ್ದರೆ ಮೇಷ್ಟ್ರ ಮುಂದಿನ ಮಾತು ತಲೆಗೆ ಹೋಗುವುದಿಲ್ಲ. ನಾಲ್ಕು ಕೆಲಸ ಇದ್ದರೆ ಯಾವುದು ಮೊದಲು ಅಂತ ತೋಚುವುದಿಲ್ಲ. ಎದ್ದು ಶುರು ಮಾಡುವುದೇ ದೊಡ್ಡ ಕೆಲಸ. ಇದು ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ. ಗಮನ, ನೆನಪು, ಯೋಚನೆಯ ವೇಗ, ಹುಮ್ಮಸ್ಸು ಕುಗ್ಗುವುದು ಈ ಕಾಯಿಲೆಯದೇ ಭಾಗ. ಮಾತ್ರೆಯಿಂದ ಇವು ಅಷ್ಟಾಗಿ ಸುಧಾರಿಸುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳದಿದ್ದರೆ, ನನ್ನ ಬುದ್ಧಿಯೇ ಹೋಯಿತು ಅಂದುಕೊಂಡು ಪುಸ್ತಕ ಮುಚ್ಚಿಬಿಡುತ್ತೇವೆ. ಎಷ್ಟೋ ಜನರ ಓದು ನಿಲ್ಲುವುದು ಇಲ್ಲೇ, ದನಿಯಿಂದ ಅಲ್ಲ ಅಂತ ನನಗೆ ಅನಿಸುತ್ತದೆ.

ಹಾಗಾಗಿ ತಲೆಯ ಮೇಲಿನ ಹೊರೆಯನ್ನು ಹೊರಗೆ ಇಳಿಸಬೇಕು. ಪಾಠ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿ. ಒಂದು ಸೆಮಿಸ್ಟರಿಗೆ ಎಲ್ಲ ವಿಷಯ ತೆಗೆದುಕೊಳ್ಳಬೇಡಿ. ಕಾಲೇಜು ಒಪ್ಪಿದರೆ ಒಂದೋ ಎರಡೋ ಸಾಕು. ಒಂದೇ ಸಲ ಗಂಟೆಗಟ್ಟಲೆ ಕೂರಬೇಡಿ. ಸ್ವಲ್ಪ ಓದಿ, ಪುಸ್ತಕ ಮುಚ್ಚಿ, ಓದಿದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಬರೆಯಲು ಬರಲಿಲ್ಲವೆಂದರೆ ಅದೇ ಭಾಗ ಮತ್ತೆ ಓದಿ. ನಿಧಾನ ಆಗುತ್ತದೆ, ಆದರೆ ಓದಿದ್ದು ಉಳಿಯುತ್ತದೆ. ಪರೀಕ್ಷೆಗೆ ಹೆಚ್ಚಿನ ಸಮಯ, ಗದ್ದಲ ಇಲ್ಲದ ಕೋಣೆ ಕೇಳುವುದರಲ್ಲಿ ಏನೂ ತಪ್ಪಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲಿ ದೀರ್ಘಕಾಲದ ಮಾನಸಿಕ ತೊಂದರೆಯೂ ಸೇರಿದೆ. ಓದುವ ಕಡೆ, ದುಡಿಯುವ ಕಡೆ ಇಂಥ ಅನುಕೂಲ ಮಾಡಿಕೊಡಬೇಕು ಅಂತ ಅದು ಹೇಳುತ್ತದೆ. ಕೇಳುವಾಗ ಡಾಕ್ಟರ ಪತ್ರ ಕೈಯಲ್ಲಿರಲಿ.

ಗಮನ ಮತ್ತು ನೆನಪಿಗೆ ಅಂತಲೇ ಅಭ್ಯಾಸಗಳಿವೆ. ಕಾಗ್ನಿಟಿವ್ ರಿಮೆಡಿಯೇಷನ್ ಎನ್ನುತ್ತಾರೆ. ಅದನ್ನು ಸುಮ್ನೆ ಒಂದು ಆಟದಂತೆ ಮಾಡಿದರೆ ಲಾಭ ಕಡಿಮೆ. ಓದು ಅಥವಾ ಕೆಲಸದ ಜೊತೆಗೆ ಮಾಡಿದಾಗ ಹೆಚ್ಚು ಉಪಯೋಗ. ನಿಮ್ಮ ಡಾಕ್ಟರನ್ನು ಇದರ ಬಗ್ಗೆ ಕೇಳಿ.

ಮಾತ್ರೆ. ಬೆಳಗಿನ ಮಂಪರಿನಿಂದ ಕ್ಲಾಸಿಗೆ ಹೋಗಲು ಆಗುತ್ತಿಲ್ಲ ಅಂತ ಬರೆದಿದ್ದೀರಿ. ಒಲಾಂಜಪಿನ್, ಕ್ವೆಟಿಯಾಪಿನ್, ಕ್ಲೋಜಪಿನ್ ಇವೆಲ್ಲ ನಿದ್ದೆ ತರಿಸುತ್ತವೆ. ಇನ್ನು ಕೆಲವು ಮಾತ್ರೆಗಳಿಂದ ಒಂದು ಕಡೆ ಕೂರಲಾಗದ ಚಡಪಡಿಕೆ ಬರುತ್ತದೆ. ಎರಡಕ್ಕೂ ದಾರಿ ಇದೆ. ತೆಗೆದುಕೊಳ್ಳುವ ಹೊತ್ತು ಬದಲಿಸಬಹುದು, ಡೋಸ್ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ಆದರೆ ಡಾಕ್ಟರ ಜೊತೆ ಮಾತಾಡಿಯೇ. "ಮಂಪರು ಬರುತ್ತದೆ" ಅಂದರೆ ಸಾಲದು. "ಒಂಬತ್ತಕ್ಕೆ ಕ್ಲಾಸ್, ಹತ್ತರವರೆಗೂ ಕಣ್ಣು ತೆರೆಯಲು ಆಗುವುದಿಲ್ಲ" ಅನ್ನಿ. ಆಗ ಅವರಿಗೂ ಏನು ಬದಲಿಸಬೇಕು ಅಂತ ಗೊತ್ತಾಗುತ್ತದೆ.

ನೀವಾಗಿಯೇ ನಿಲ್ಲಿಸಬೇಡಿ. ದಯವಿಟ್ಟು. ಪರೀಕ್ಷೆ ಹತ್ತಿರ ಬಂದಾಗ, ತಲೆ ಚುರುಕಾಗಲಿ ಅಂತ ಬಿಡಬೇಕು ಅನಿಸುತ್ತದೆ. 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 65 ಪ್ರಯೋಗಗಳ ಲೆಕ್ಕ ಬಂತು. ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಮಾತ್ರೆ ಮುಂದುವರಿಸಿದವರಲ್ಲಿ 100ಕ್ಕೆ 27 ಜನರಿಗೆ, ನಿಲ್ಲಿಸಿದವರಲ್ಲಿ 64 ಜನರಿಗೆ. ಒಂದು ಸಲ ಮರುಕಳಿಸಿದರೆ ಇಡೀ ಸೆಮಿಸ್ಟರ್ ಹೋಗಬಹುದು. ದಿನಾ ನೆನಪಿಟ್ಟು ನುಂಗುವುದೇ ಕಷ್ಟ ಅನ್ನುವವರಿಗೆ ತಿಂಗಳಿಗೊಮ್ಮೆ, ಕೆಲವು ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗಳೂ ಇವೆ. ಗಾಂಜಾ ಬೇಡವೇ ಬೇಡ.

ಕಾಯಿಲೆಯ ವಿಷಯ ಯಾರಿಗೆ ಹೇಳುವುದು? ಎಲ್ಲರಿಗೂ ಹೇಳಬೇಕಿಲ್ಲ. ಹಿಂದೆ ಒಂದು ಕಡೆ ಹೇಳಿದ ಮೇಲೆ, ನನಗೆ ಜವಾಬ್ದಾರಿಯ ಕೆಲಸ ಕೊಡುವುದನ್ನೇ ನಿಲ್ಲಿಸಿದರು. ತುಂಬಾ ನೋವಾಯಿತು. ಈಗಿನ ಕೆಲಸದಲ್ಲಿ ಮ್ಯಾನೇಜರ್ ಒಬ್ಬರಿಗೇ ಗೊತ್ತು. ಅವರು ಕೆಲಸವನ್ನು ಬಾಯಲ್ಲಿ ಹೇಳದೆ ಬರೆದು ಕಳಿಸುತ್ತಾರೆ, ಒಂದು ಮುಗಿದ ಮೇಲೆ ಇನ್ನೊಂದು. ಅಷ್ಟರಿಂದಲೇ ನನ್ನ ತಪ್ಪುಗಳು ಎಷ್ಟೋ ಕಡಿಮೆಯಾದವು. ಮೊದಲ ದಿನವೇ ಕಾಯಿಲೆಯ ಹೆಸರು ಹೇಳುವುದಕ್ಕಿಂತ, ನಿಮಗೆ ಏನು ಬೇಕು ಅಂತ ಹೇಳುವುದು ಒಳ್ಳೆಯದು. ಉಳಿದದ್ದು ಆ ಮನುಷ್ಯರನ್ನು ನೋಡಿಕೊಂಡು.

ರಾತ್ರಿ ಪಾಳಿಯ ಕೆಲಸ ಒಪ್ಪಿಕೊಳ್ಳಬೇಡಿ. ಸಂಬಳ ಜಾಸ್ತಿ ಇದ್ದರೂ ಬೇಡ. ನಿದ್ದೆ ತಪ್ಪಿದರೆ ಮೊದಲು ಕೆಡುವುದೇ ನಮ್ಮಂಥವರ ಆರೋಗ್ಯ. ನಿಮಗೆ ಹುಷಾರು ತಪ್ಪುವ ಮುಂಚೆ ಏನೇನು ಬದಲಾಗುತ್ತದೆ ಅಂತ ಮನೆಯವರ ಜೊತೆ ಕೂತು ಬರೆದಿಡಿ. ನನಗೆ ಮೊದಲು ನಿದ್ದೆ ಕಡಿಮೆಯಾಗುತ್ತದೆ. ಆಮೇಲೆ, ಪಕ್ಕದವರು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸಲು ಶುರುವಾಗುತ್ತದೆ. ಅದು ಕಂಡ ಕೂಡಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಈ ಕಾಯಿಲೆಯ ಮಾತು ಬಂದಾಗ ಎಲ್ಲರೂ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಜಾನ್ ನ್ಯಾಶ್ ಹೆಸರು ಹೇಳುತ್ತಾರೆ. ನನಗೆ ಹೆಚ್ಚು ಧೈರ್ಯ ಕೊಟ್ಟವರು ಎಲಿನ್ ಸಾಕ್ಸ್. ಅವರು ಅಮೆರಿಕದಲ್ಲಿ ಕಾನೂನಿನ ಪ್ರೊಫೆಸರ್. ಓದುತ್ತಿದ್ದಾಗಲೇ ಕಾಯಿಲೆ ಜೋರಾಗಿ, ಆಸ್ಪತ್ರೆ ಸೇರಿ, ಮತ್ತೆ ಓದಿಗೆ ಮರಳಿದವರು. ಮಾತ್ರೆ, ಥೆರಪಿ ಎರಡನ್ನೂ ಮುಂದುವರಿಸುತ್ತಲೇ ಕೆಲಸ ಮಾಡಿದವರು. ಆದರೆ ನಾವು ಪ್ರೊಫೆಸರ್ ಆಗಲೇಬೇಕು, ಬಹುಮಾನ ಗೆಲ್ಲಲೇಬೇಕು ಅಂತೇನೂ ಇಲ್ಲ ಅಲ್ವಾ? ತಿಂಗಳ ಕೊನೆಗೆ ಸಂಬಳ ತರುವ, ಮನಸ್ಸಿಗೆ ಒಗ್ಗುವ ಒಂದು ಕೆಲಸವೂ ಪೂರ್ತಿ ಬದುಕೇ.

ಮನೆಯವರನ್ನು ಒಪ್ಪಿಸಲು ನೀವೊಬ್ಬರೇ ವಾದ ಮಾಡಬೇಡಿ. ಅವರ ಹೆದರಿಕೆ ಸುಳ್ಳಲ್ಲ, ನಿಮ್ಮ ಕೆಟ್ಟ ದಿನಗಳನ್ನು ಹತ್ತಿರದಿಂದ ನೋಡಿದವರು ಅವರು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. "ಈ ಸೆಮಿಸ್ಟರ್ ಒಂದೇ ವಿಷಯ ತೆಗೆದುಕೊಳ್ಳಲಾ?" ಅಂತ ಅವರ ಎದುರೇ ಕೇಳಿ. ಅದಕ್ಕೂ ಮೊದಲು, ಮರುಪ್ರವೇಶಕ್ಕೆ ಕೊನೆಯ ದಿನ ಯಾವುದು, ಏನೇನು ಕಾಗದ ಬೇಕು ಅಂತ ಕಾಲೇಜಿನ ಆಫೀಸಿನಲ್ಲಿ ವಿಚಾರಿಸಿಟ್ಟುಕೊಳ್ಳಿ. ಡಾಕ್ಟರ ಪತ್ರವನ್ನು ಅದೇ ಭೇಟಿಯಲ್ಲಿ ಬರೆಸಿಕೊಂಡು ಬರಬಹುದು.