ಆಪರೇಷನ್ ಆದ ಮೇಲೆ ಚಿಂಚಿಲ್ಲಾ ಹುಲ್ಲು ಮುಟ್ಟುತ್ತಿಲ್ಲ, ಹಿಕ್ಕೆಯೂ ಕಡಿಮೆಯಾಗಿದೆ. ಏನು ಮಾಡಲಿ?

ಪ್ರಶ್ನೆ: ನಮ್ಮ ಗಂಡು ಚಿಂಚಿಲ್ಲಾಗೆ (ಇಲಿ ಜಾತಿಯ ಸಾಕುಪ್ರಾಣಿ) ಮೂರು ವರ್ಷ. ಮೊನ್ನೆ ಬೀಜ ತೆಗೆಸುವ ಆಪರೇಷನ್ ಆಯ್ತು. ಅವತ್ತು ರಾತ್ರಿ ಒಂದೆರಡು ಪೆಲೆಟ್ (ಗುಳಿಗೆಯಂಥ ಒಣ ಆಹಾರ) ತಿಂದ, ಆಮೇಲೆ ಹುಲ್ಲು ಮೂಸಿಯೂ ನೋಡುತ್ತಿಲ್ಲ. ಮೂಲೆಯಲ್ಲಿ ಮುದುಡಿ ಕೂತಿರುತ್ತಾನೆ. ಹಿಕ್ಕೆ ಕಡಿಮೆ, ಅದೂ ಸಣ್ಣ, ಒಣ. 560 ಗ್ರಾಂ ಇದ್ದವನು ಈಗ 525. ಗಾಯದ ಹತ್ತಿರ ಸ್ವಲ್ಪ ಕೆಂಪಗಿದೆ. ಮಗಳಿಗೆ ತಂದ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್ ಸಿರಪ್ ಮನೆಯಲ್ಲಿದೆ, ಎರಡು ಹನಿ ಕೊಡಬಹುದಾ? ಅಮ್ಮ ಮೊಸರು ಕೊಡು ಅನ್ನುತ್ತಾರೆ. ಅದೇ ಗೂಡಿನಲ್ಲಿ ಹೆಣ್ಣೂ ಇದೆ.
(ಬೆಂಗಳೂರಿನ ಓದುಗರು)

ಉತ್ತರ: ಮೊದಲು ಆ ಸಿರಪ್ ಬಾಟಲಿ ಎತ್ತಿಡಿ. ಒಂದು ಹನಿಯೂ ಬೇಡ. ಅಮಾಕ್ಸಿಸಿಲಿನ್ ಚಿಂಚಿಲ್ಲಾ ಹೊಟ್ಟೆಗೆ ಹೋದರೆ ಹುಲ್ಲನ್ನು ಜೀರ್ಣ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆದು ವಿಷ ಬಿಡುತ್ತವೆ, ಭೇದಿ ಶುರುವಾಗಿ ಜೀವವೇ ಹೋಗಬಹುದು. ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಕೂಡ ಹಾಗೇ. ಗಾಯಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು ಅಂದರೆ ಡಾಕ್ಟರ್ ಸಾಮಾನ್ಯವಾಗಿ ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಬರೆಯುತ್ತಾರೆ. ಮೊಸರೂ ಬೇಡ. ಓಂಕಾಳು ಕಷಾಯ, ಇಂಗು, ಗ್ರೈಪ್ ವಾಟರ್ ಯಾವುದೂ ಬೇಡ. ತಿನ್ನಲಿ ಅಂತ ದ್ರಾಕ್ಷಿ, ಬಾಳೆಹಣ್ಣು ಕೊಟ್ಟರೆ ಆ ಸಕ್ಕರೆ ನಿಂತ ಕರುಳಿನಲ್ಲಿ ಹುಳಿತು ಗ್ಯಾಸ್ ಜಾಸ್ತಿ ಮಾಡುತ್ತದೆ.

ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಾಳೆವರೆಗೆ ಕಾಯಬೇಡಿ. ಚಿಂಚಿಲ್ಲಾ ಆಂಡಿಸ್ ಬೆಟ್ಟಗಳ ಒಣ ಹುಲ್ಲು ತಿಂದು ಬದುಕುವ ಪ್ರಾಣಿ, ಅದರ ಕರುಳು ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಅರಿವಳಿಕೆ, ನೋವು, ಆಸ್ಪತ್ರೆಯ ಭಯ ಎಲ್ಲವೂ ಆ ಓಟವನ್ನು ನಿಧಾನ ಮಾಡುತ್ತವೆ. ಕರುಳು ನಿಧಾನವಾದರೆ ಹಸಿವಿಲ್ಲ, ಹಸಿವಿಲ್ಲದೆ ತಿನ್ನದಿದ್ದರೆ ಕರುಳು ಇನ್ನೂ ನಿಧಾನ, ಹೀಗೇ ಎರಡು ದಿನ ಹೋದರೆ ಲಿವರ್‌ನಲ್ಲಿ ಕೊಬ್ಬು ಸೇರಲು ಶುರುವಾಗುತ್ತದೆ, ಆಮೇಲೆ ಸರಿಮಾಡುವುದು ಬಹಳ ಕಷ್ಟ. ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ ಅಥವಾ ಹಿಕ್ಕೆಯೇ ಹಾಕಲಿಲ್ಲ ಅಂದರೆ ಅದು ತುರ್ತು ಅಂತಲೇ ತಿಳಿಯಿರಿ.

ನೀವು ಬರೆದದ್ದರಲ್ಲಿ ನನಗೆ ಎದ್ದು ಕಂಡಿದ್ದು ಆ ಮುದುಡಿ ಕೂರುವುದು. ಅದು ನೋವು. ಹಲ್ಲು ಕಟಕಟ ಕಡಿಯುತ್ತಾನಾ ಗಮನಿಸಿ, ಅದೂ ನೋವಿನದೇ. ಎಷ್ಟೋ ಜನ ಹೊಟ್ಟೆಗೆ ಮಾತ್ರ ಔಷಧಿ ಹುಡುಕುತ್ತಾರೆ, ನೋವು ಕಡಿಮೆಯಾಗದೆ ಹೊಟ್ಟೆ ಸರಿಯಾಗಲ್ಲ. ನೋವಿನ ಔಷಧಿ ಮೆಲೋಕ್ಸಿಕಾಮ್ ಇನ್ನೂ ಕೆಲವು ದಿನ ಬೇಕಾ, ಡೋಸ್ ಸಾಕಾಗುತ್ತಿದೆಯಾ ಅಂತ ನೇರವಾಗಿ ಕೇಳಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಗಂಡು ಚಿಂಚಿಲ್ಲಾಗಳಲ್ಲಿ ತೊಡೆಸಂದಿನ ದಾರಿ ಅಗಲವಾಗಿ ತೆರೆದೇ ಇರುತ್ತದೆ, ಆಪರೇಷನ್ ಆದಮೇಲೆ ಅಪರೂಪಕ್ಕೆ ಕರುಳು ಅಲ್ಲಿಗೆ ಜಾರುವುದುಂಟು. ಆ ಕೆಂಪು ಜಾಗದಲ್ಲಿ ಊತವೂ ಇದ್ದರೆ ಅದನ್ನು ಮೊದಲು ತೋರಿಸಿ.

ಸಿರಿಂಜ್‌ನಲ್ಲಿ ತಿನ್ನಿಸಬೇಕಾಗುತ್ತದೆ. ಆದರೆ ಅದಕ್ಕೆ ಮುಂಚೆ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಬೇಕು, ಬೇಕಿದ್ದರೆ ಎಕ್ಸ್‌ರೇ ತೆಗೆಯಬೇಕು. ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ ಅಥವಾ ಕರುಳಿನಲ್ಲಿ ಅಡ್ಡ ಇದ್ದರೆ ಆಹಾರ ತುರುಕುವುದು ಅಪಾಯ. ಚಿಂಚಿಲ್ಲಾಗೆ ವಾಂತಿ ಮಾಡಲು ಆಗಲ್ಲ, ಒಳಗೆ ಹೋದದ್ದು ಒಳಗೇ. ಕರುಳು ಓಡಿಸುವ ಔಷಧಿಯನ್ನೂ ಅಡ್ಡ ಇಲ್ಲ ಅಂತ ಖಾತ್ರಿಯಾದ ಮೇಲೇ ಕೊಡುತ್ತಾರೆ. ಚರ್ಮದ ಕೆಳಗೆ ಸಲೈನ್ ಕೊಡಿಸಿದರೆ ಒಣಗಿದ ಕರುಳಿಗೆ ತುಂಬಾ ಸಹಾಯ.

ಅಡ್ಡಿ ಇಲ್ಲ ಅಂದರೆ ಆಕ್ಸ್‌ಬೋ ಕ್ರಿಟಿಕಲ್ ಕೇರ್ ಪುಡಿ (ತಿನ್ನದ ಇಂಥ ಪ್ರಾಣಿಗಳಿಗೆ ಸಿರಿಂಜ್‌ನಲ್ಲಿ ಕೊಡುವ ಆಹಾರ) ನೀರಲ್ಲಿ ಕಲಸಿ ಕೊಡಿ. ಸಿಗದಿದ್ದರೆ ಅವನ ಪೆಲೆಟ್ಟನ್ನೇ ಬಿಸಿನೀರಲ್ಲಿ ನೆನೆಸಿ ನುಣ್ಣಗೆ ಅರೆದು ಆರಿಸಿ. ಸಾಮಾನ್ಯ ಲೆಕ್ಕ ದಿನಕ್ಕೆ ಒಂದು ಕೆಜಿ ತೂಕಕ್ಕೆ 50ರಿಂದ 80 ಮಿಲಿ, ಅಂದರೆ ನಿಮ್ಮವನಿಗೆ ಸುಮಾರು 26ರಿಂದ 42 ಮಿಲಿ, ನಾಲ್ಕೈದು ಸಲಕ್ಕೆ ಹಂಚಿ. ಕೊನೆಯ ಮಾತು ನಿಮ್ಮ ಡಾಕ್ಟರ್‌ದು. ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ, ತೊಡೆ ಮೇಲೆ ಕೂತ ಹಾಗೇ ಇಟ್ಟುಕೊಳ್ಳಿ, ಅಂಗಾತ ಮಲಗಿಸಬೇಡಿ. ಮುಂದಿನ ಹಲ್ಲಿನ ಹಿಂದೆ ಖಾಲಿ ಜಾಗ ಇರುತ್ತದೆ, ಸಿರಿಂಜ್ ತುದಿ ಪಕ್ಕದಿಂದ ಅಲ್ಲಿಗೆ ಹೋಗಬೇಕು. ಅರ್ಧ ಮಿಲಿ ಬಿಡಿ, ಅಗಿದು ನುಂಗುವವರೆಗೆ ಕಾಯಿರಿ, ಆಮೇಲೆ ಇನ್ನರ್ಧ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತಾಜಾ ಟಿಮೊಥಿ ಒಣಹುಲ್ಲು ಯಾವಾಗಲೂ ಮೂಗಿನ ಮುಂದೆ ಇರಲಿ.

ಹೆಣ್ಣನ್ನು ಬೇರೆ ಗೂಡಿಗೆ ಹಾಕಿ, ಪಕ್ಕದಲ್ಲೇ ಕಾಣುವ ಹಾಗೆ ಇಡಿ, ಜೊತೆ ತಪ್ಪಿದ ಭಯ ಇರಲ್ಲ. ಒಟ್ಟಿಗೆ ಇದ್ದರೆ ಯಾವ ಹಿಕ್ಕೆ ಯಾರದು ಅಂತ ಗೊತ್ತಾಗಲ್ಲ ಅಲ್ವಾ? ಅವನ ಗೂಡಿಗೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಸಂಜೆ ಹಿಕ್ಕೆ ಎತ್ತಿ ಒಂದು ಕಾಗದದ ಮೇಲೆ ಇಟ್ಟು ನೋಡಿ. ಮೊದಲು ಒಣ ಸಣ್ಣ ಕಾಳು ಬರುತ್ತವೆ, ಕರುಳು ಎದ್ದ ಹಾಗೆ ದಪ್ಪ, ಉದ್ದುದ್ದ ಆಗುತ್ತವೆ. ತೂಕವನ್ನು ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿ ಬರೆದಿಡಿ.

ಬಿಸಿಲುಕಾಲದಲ್ಲಿ ಬೆಂಗಳೂರಿನ ಕೋಣೆಯೂ 30 ಡಿಗ್ರಿ ದಾಟುತ್ತದೆ, ಚಿಂಚಿಲ್ಲಾಗೆ 25 ದಾಟಿದರೇ ಕಷ್ಟ. ಎಸಿ ಇರಲಿ, ಗಾಳಿ ಮಾತ್ರ ನೇರ ಬಡಿಯದಿರಲಿ. ಕಿವಿ ತಣ್ಣಗಿದ್ದರೆ ಬಟ್ಟೆ ಸುತ್ತಿದ ಬೆಚ್ಚನೆ ನೀರಿನ ಬಾಟಲಿ ಗೂಡಿನ ಒಂದು ಬದಿಗೆ ಮಾತ್ರ ಇಡಿ, ಬೇಡ ಅನಿಸಿದರೆ ಅವನು ದೂರ ಸರಿಯುವಂತಿರಲಿ. ಗಾಯ ಒಣಗುವ ತನಕ ಧೂಳಿನ ಸ್ನಾನ (ಮೈ ಸ್ವಚ್ಛಕ್ಕೆ ಧೂಳಲ್ಲಿ ಹೊರಳುವುದು) ಇಲ್ಲ, ಚಕ್ರ ಮತ್ತು ಎತ್ತರದ ಹಲಗೆ ತೆಗೆದಿಡಿ. ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ತೀರಾ ಅಗತ್ಯವಿದ್ದರೆ ಮಾತ್ರ, ಯಾಕೆಂದರೆ ಇವು ತಮ್ಮ ಒಂದು ಬಗೆಯ ಮೆತ್ತನೆ ಹಿಕ್ಕೆಯನ್ನು ಬಗ್ಗಿ ತಾವೇ ತಿನ್ನಬೇಕು, ಪಟ್ಟಿ ಅದನ್ನು ತಪ್ಪಿಸುತ್ತದೆ.

ತಾನೇ ಹುಲ್ಲು ಎಳೆದು ತಿನ್ನಲು ಶುರುಮಾಡಿ, ತೂಕ ಇಳಿಯುವುದು ನಿಂತ ಮೇಲೆ ಸಿರಿಂಜ್ ಊಟ ಒಂದೊಂದು ಹೊತ್ತು ಕಡಿಮೆ ಮಾಡಿ, ಒಮ್ಮೆಲೇ ನಿಲ್ಲಿಸಬೇಡಿ. ಹೆಣ್ಣನ್ನು ಮಾತ್ರ ಸುಮಾರು ಆರು ವಾರ ದೂರವೇ ಇಡಿ, ಆಪರೇಷನ್ ಆದರೂ ಅಲ್ಲಿಯವರೆಗೆ ಅವನಿಂದ ಮರಿ ಆಗುವ ಸಾಧ್ಯತೆ ಇರುತ್ತದೆ.