ಕೂಪರ್ ಬ್ಲ್ಯಾಕ್‌ನಂತಹ ಹಳೆಯ ಕಾಲದ ಗುಂಡಗಿನ ಅಕ್ಷರಗಳನ್ನು ಎಲ್ಲೆಲ್ಲಿ ಬಳಸಬಹುದು?

ಮಕ್ಕಳ ಇಂಗ್ಲಿಷ್ ಕಥಾಪುಸ್ತಕದ ಮುಖಪುಟಕ್ಕೆ ಕೂಪರ್ ಬ್ಲ್ಯಾಕ್ ಫಾಂಟನ್ನು ಆರಿಸಿಕೊಂಡಿದ್ದೀರಿ, ಒಳಗಿನ ಕಥೆಗೂ ಅದನ್ನೇ ಬಳಸಬಹುದೇ ಎಂದು ಕೇಳಿದ್ದೀರಿ. ಮುಖಪುಟಕ್ಕೆ ಧಾರಾಳವಾಗಿ ಬಳಸಿ, ಒಳಪುಟಗಳಿಗೆ ಬೇಡ.

ಅದಕ್ಕೆ ಕಾರಣ ಆ ಅಕ್ಷರಗಳ ಮೈಕಟ್ಟಿನಲ್ಲಿಯೇ ಇದೆ. ಆಸ್ವಾಲ್ಡ್ ಕೂಪರ್ ರೂಪಿಸಿದ ಈ ಶೈಲಿಯನ್ನು ಷಿಕಾಗೋದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ತಯಾರಕರು 1922ರಲ್ಲಿ ಹೊರತಂದರು. ಗೆರೆಗಳು ಬಹಳ ದಪ್ಪ, ಸೆರಿಫ್‌ಗಳ (ಗೆರೆಗಳ ಕೊನೆಯಲ್ಲಿ ಚಾಚಿರುವ ಪುಟ್ಟ ಪಾದಗಳ) ತುದಿಗಳೆಲ್ಲ ಉರುಟು, ಅಕ್ಷರಗಳ ಒಳಗಿನ ಖಾಲಿ ಜಾಗ ತೀರ ಕಿರಿದು. ದೊಡ್ಡ ಅಳತೆಯಲ್ಲಿ ಮುದ್ದಾಗಿ ಕಾಣುವ ಈ ಗುಣವೇ ಸಣ್ಣ ಅಳತೆಯಲ್ಲಿ ಓದಿಗೆ ಅಡ್ಡಿಯಾಗುತ್ತದೆ. ನಾನು ಒಮ್ಮೆ ಕರಪತ್ರವೊಂದರ ಶೀರ್ಷಿಕೆಯ ಜೊತೆಗೆ ಕೆಳಗಿನ ವಿಳಾಸವನ್ನೂ ಇದರಲ್ಲಿಯೇ, 8 ಪಾಯಿಂಟ್ ಅಳತೆಯಲ್ಲಿ ಜೋಡಿಸಿದ್ದೆ. ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಿದ್ದುದರಿಂದ ತೊಂದರೆ ತಿಳಿಯಲಿಲ್ಲ. ಅಚ್ಚಾಗಿ ಬಂದಾಗ ಸಣ್ಣಕ್ಷರದ ‘a’ ಮತ್ತು ‘e’ಗಳ ಒಳಗಂಡಿಗಳು ಶಾಯಿಯಿಂದ ಮುಚ್ಚಿಹೋಗಿದ್ದವು.

ಇದನ್ನು ಅನೇಕರು 1970ರ ದಶಕದ ಅಕ್ಷರವೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಆ ಹೊತ್ತಿಗೆ ಇದಕ್ಕೆ ಸುಮಾರು 50 ವರ್ಷ ತುಂಬಿತ್ತು. ಸೀಸದ ಮೊಳೆಗಳಲ್ಲಿ ಪ್ರತಿ ಅಕ್ಷರವೂ ತನ್ನದೇ ಲೋಹದ ತುಂಡಿನ ಮೇಲೆ ಕುಳಿತಿರುತ್ತಿದ್ದುದರಿಂದ ಅವುಗಳನ್ನು ಒಂದು ಮಿತಿಗಿಂತ ಹತ್ತಿರ ತರುವುದು ಕಷ್ಟವಾಗಿತ್ತು. ಫೋಟೋ ಅಕ್ಷರಜೋಡಣೆ (ಮೊಳೆಗಳ ಬದಲು ಬೆಳಕಿನಿಂದ ಅಕ್ಷರ ಮೂಡಿಸುವ ವಿಧಾನ) ಮತ್ತು ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳು ಬಂದ ಮೇಲೆ ವಿನ್ಯಾಸಕಾರರು ಅಕ್ಷರಗಳನ್ನು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಕೂರಿಸತೊಡಗಿದರು. ನಾವು ಇಂದು ‘ರೆಟ್ರೊ’ ಎಂದು ಗುರುತಿಸುವ ಸೊಗಸಿನಲ್ಲಿ ಆ ಒತ್ತು ಜೋಡಣೆಗೆ ದೊಡ್ಡ ಪಾಲಿದೆ. ಆದ್ದರಿಂದ ಮುಖಪುಟದ ಶೀರ್ಷಿಕೆಯಲ್ಲಿ ಅಕ್ಷರಗಳ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ, ಇನ್ನೇನು ತಾಗುತ್ತವೆ ಎನ್ನುವಲ್ಲಿ ನಿಲ್ಲಿಸಿ. ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಯಬೇಡಿ. ಇದರ ತುಂಟತನವೆಲ್ಲ ಸಣ್ಣಕ್ಷರಗಳಲ್ಲಿಯೇ ಇದೆ. ನೆರಳು, ಹೊರಗೆರೆಗಳೂ ನನಗೆ ಅನಗತ್ಯವೆನಿಸುತ್ತವೆ, ಏಕೆಂದರೆ ಅಕ್ಷರಕ್ಕೆ ತನ್ನದೇ ಆದ ತೂಕ ಸಾಕಷ್ಟಿದೆ.

ಪೋಸ್ಟರ್, ತಿಂಡಿ ಪೊಟ್ಟಣ, ಆಟಿಕೆಯ ಡಬ್ಬಿ, ಒಂದೆರಡು ಪದಗಳ ಲೋಗೋ ಇವೆಲ್ಲ ಇದಕ್ಕೆ ಒಗ್ಗುವ ಜಾಗಗಳು. ಈಸಿಜೆಟ್ ವಿಮಾನಯಾನ ಸಂಸ್ಥೆಯ ಹೆಸರನ್ನು ನೋಡಿದರೆ, ಕಿತ್ತಳೆ ಮತ್ತು ಬಿಳಿ ಬಣ್ಣಗಳಷ್ಟರಲ್ಲಿಯೇ ಈ ಅಕ್ಷರ ಎಷ್ಟು ಸ್ನೇಹಮಯವಾಗಿ ನಿಲ್ಲಬಲ್ಲದು ಎಂಬುದು ತಿಳಿಯುತ್ತದೆ. ಸಂತಾಪ ಸೂಚನೆಗೆ, ಔಷಧಿಯ ಬಳಕೆಯ ವಿವರಕ್ಕೆ ಇದು ಸಲ್ಲದು.

ನಿಮ್ಮ ಪುಸ್ತಕದ ಅಧ್ಯಾಯಗಳ ಹೆಸರುಗಳನ್ನೂ ಇದರಲ್ಲಿಯೇ ಇಟ್ಟು, ಕಥೆಗೆ ಸದ್ದಿಲ್ಲದ ಸಾಧಾರಣ ಸೆರಿಫ್ ಫಾಂಟೊಂದನ್ನು ಆರಿಸಿಕೊಳ್ಳಿ. ಕೂಪರ್ ಬ್ಲ್ಯಾಕ್‌ನ ಪಕ್ಕದಲ್ಲಿ ಮತ್ತೊಂದು ಅಲಂಕಾರಿಕ ಫಾಂಟ್ ಬೇಡ. ಫಾಂಟಿನ ಪರವಾನಗಿ ಮಾರಾಟದ ಪುಸ್ತಕಕ್ಕೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಅಂತಿಮ ಪ್ರತಿ ಕಳುಹಿಸುವ ಮೊದಲು ಒಂದು ಪುಟವನ್ನಾದರೂ ನಿಜವಾದ ಅಳತೆಯಲ್ಲಿ ಮುದ್ರಿಸಿಕೊಂಡು, ಮಗುವೊಂದು ಹಿಡಿಯುವಷ್ಟು ದೂರದಲ್ಲಿಟ್ಟು ಓದಿ.